ಪದಚರ್ಚೆ: ‘ರಿವ್ಯೂ’, ‘ಅಂಪೈರ್ಸ್ ಕಾಲ್’ – ನಾಳೆ ಸಂಜೆಯೊಳಗೆ ಕನ್ನಡ ಪದ ಬೇಕು

ವಿಜ್ಞಾನ ಟೀಚರ್, ಬಸವನಗುಡಿ – ಬುಧವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ.

ನಾನು ಕನ್ನಡ ಮಾಧ್ಯಮದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಶನಿವಾರ ನಮ್ಮಲ್ಲಿ ವಸ್ತುಪ್ರದರ್ಶನ. ಎಂಟನೇ ತರಗತಿಯ ಮಕ್ಕಳು ‘ಟೆಸ್ಟ್ ಕ್ರಿಕೆಟ್ಟಿನಲ್ಲಿ ವಿಜ್ಞಾನ’ ಅಂತ ವಿಷಯ ಆರಿಸಿಕೊಂಡಿದ್ದಾರೆ. ನಾಲ್ಕು ಬೋರ್ಡು ಮಾಡಿಸಬೇಕು. ಸನ್‌ಬೋರ್ಡ್ ಪ್ರಿಂಟ್ ಹಾಕುವ ಅಂಗಡಿಯವರು ಗುರುವಾರ ಸಂಜೆ ಆರರೊಳಗೆ ಫೈಲ್ ಕೊಡಿ ಅಂದಿದ್ದಾರೆ.

ಮಕ್ಕಳಿಗೆ ವಿಷಯ ಚೆನ್ನಾಗಿ ಗೊತ್ತಿದೆ. ಮೈದಾನದ ಸುತ್ತ ಇಟ್ಟ ಕ್ಯಾಮೆರಾಗಳು ಬೇರೆ ಬೇರೆ ಕೋನದಿಂದ ಚೆಂಡನ್ನು ಹಿಡಿಯುವುದು, ಅವನ್ನೆಲ್ಲ ಸೇರಿಸಿ ಚೆಂಡು ಎಲ್ಲಿತ್ತು ಅಂತ ಲೆಕ್ಕ ಹಾಕುವುದು, ಕಾಲಿಗೆ ತಾಗಿದ ಮೇಲಿನ ದಾರಿಯನ್ನು ಮುಂದಕ್ಕೆ ಎಳೆಯುವುದು, ಇದನ್ನೆಲ್ಲ ದಾರ ಕಟ್ಟಿ ಮಾದರಿ ಮಾಡಿ ತೋರಿಸುತ್ತಾರೆ. ನಾವು ಸಿಕ್ಕಿಹಾಕಿಕೊಂಡಿರುವುದು ಪದಗಳಲ್ಲಿ.

‘ರಿವ್ಯೂ’ಗೆ ಏನು ಬರೆಯಲಿ? ಅಂಪೈರ್ ಕೊಟ್ಟದ್ದನ್ನು ಇನ್ನೊಂದು ಸಲ ನೋಡಿ ಅಂತ ಆಟಗಾರ ಎರಡೂ ಕೈ ಸೇರಿಸಿ ‘ಟಿ’ ಆಕಾರ ತೋರಿಸಿ ಕೇಳುತ್ತಾನಲ್ಲ, ಅದು ರಿವ್ಯೂ. ಮೂರನೇ ಅಂಪೈರ್ ಟಿವಿ ಮುಂದೆ ಕೂತು ನೋಡುವುದೂ ರಿವ್ಯೂ. ‘ಇನ್ನೂ ಎರಡು ರಿವ್ಯೂ ಉಳಿದಿದೆ’ ಅನ್ನುವಾಗ ಅದು ಇನ್ನೊಂದು. ಮೂರಕ್ಕೂ ಒಂದೇ ಪದ ಸಾಕಾ?

‘ಅಂಪೈರ್ಸ್ ಕಾಲ್’ ಇನ್ನೂ ಕಷ್ಟ. ಚೆಂಡು ಗೂಟಕ್ಕೆ ತಾಗುತ್ತಿತ್ತೋ ಇಲ್ಲವೋ ಅಂತ ಖಚಿತವಾಗಿ ಹೇಳಲಾಗದಾಗ ಮೈದಾನದ ಅಂಪೈರ್ ಮೊದಲು ಕೊಟ್ಟದ್ದೇ ಉಳಿಯುತ್ತದಲ್ಲ, ಅದು. ಒಬ್ಬ ಹುಡುಗ ‘ಅಂಪೈರ್ ಕರೆ’ ಅಂತ ಬರೆದಿದ್ದ. ಪಕ್ಕದ ಹುಡುಗಿ ‘ಯಾರಿಗೆ ಕರೆ ಮಾಡ್ತಾರೆ ಮಿಸ್?’ ಅಂತ ಕೇಳಿದಳು. ಅವಳ ಪ್ರಶ್ನೆ ಸರಿಯಾಗಿದೆ ಅನ್ನಿಸಿತು.

ಕೊನೆಯ ಬೋರ್ಡು ಆಟಗಾರರದ್ದು. ನಮ್ಮ ಚಿನ್ನಸ್ವಾಮಿಯಲ್ಲಿ 2017ರ ಮಾರ್ಚ್‌ನಲ್ಲಿ ನಡೆದ ಆಸ್ಟ್ರೇಲಿಯಾ ಟೆಸ್ಟ್ ಹಾಕುತ್ತಿದ್ದೇವೆ. ತಲೆಬರಹ ‘ಆಟಗಾರರ ಪ್ರದರ್ಶನ’ ಅಂತ ಇದೆ. ವಸ್ತುಪ್ರದರ್ಶನದೊಳಗೆ ಇನ್ನೊಂದು ಪ್ರದರ್ಶನ ಯಾಕೋ ಸರಿ ಕಾಣುತ್ತಿಲ್ಲ.

ದಯವಿಟ್ಟು ಬೇಗ ಹೇಳಿ.

ಮಲ್ಲೇಶ್ವರ – ಬುಧವಾರ ಬೆಳಿಗ್ಗೆ

ರಿವ್ಯೂ. ಅಂಪೈರ್ಸ್ ಕಾಲ್. ಎರಡೂ ಮಕ್ಕಳಿಗೆ ಗೊತ್ತಿರುವ ಪದಗಳೇ. ಕನ್ನಡ ಲಿಪಿಯಲ್ಲಿ ಬರೆಯಿರಿ, ಮುಗೀತು. ವಿಕೆಟ್, ಓವರ್, ರನ್ ಬರೆಯುವಾಗ ಯಾರನ್ನೂ ಕೇಳಲಿಲ್ಲ ಅಲ್ವಾ?

ಜಯನಗರ – ಬುಧವಾರ ಮಧ್ಯಾಹ್ನ

ಟೀಚರ್, ಮೇಲಿನ ಮಾತು ಕೇಳಬೇಡಿ. ಮಕ್ಕಳಿಗೆ ಗೊತ್ತಿರುವುದನ್ನೇ ಬೋರ್ಡಿನಲ್ಲಿ ಬರೆಯುವುದಾದರೆ ಬೋರ್ಡು ಯಾಕೆ?

ರಿವ್ಯೂಗೆ ‘ಮರುನೋಟ’. ಮರುದಿನ, ಮರುಮಾತು, ಮರುಹುಟ್ಟು ಇದ್ದ ಹಾಗೆ. ಎರಡೂ ಕನ್ನಡ, ಬಾಯಿಗೆ ಸಲೀಸು.

ಪೇಪರಿನವರು ಬರೆಯುವ ‘ಮರುಪರಿಶೀಲನೆ’ ಬೇಡ. ಅದು ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಅಂಟಿಸಿದ್ದು. ವ್ಯಾಕರಣ ಬರೆದ ಕೇಶಿರಾಜ ಏಳುನೂರು ವರ್ಷಕ್ಕೂ ಹಿಂದೆ ಬೇಡ ಅಂದದ್ದನ್ನು ನಾವು ದಿನಾ ಅಚ್ಚು ಹಾಕುತ್ತಿದ್ದೇವೆ.

ಇನ್ನೊಂದು ಮಾತು. ‘ತೀರ್ಪು ಪರಿಶೀಲನೆ’ ಅಂತಲೂ ಬರೆಯಬೇಡಿ. ತೀರ್ಪು ಬಂದದ್ದು ‘ತೀರು’ ಎಂಬುದರಿಂದ. ಸಾಲ ತೀರಿತು, ಆಸೆ ತೀರಿತು ಅನ್ನುತ್ತೇವೆ. ತೀರಿದ ಮೇಲೆ ಅದು ಮುಗಿದದ್ದು. ಆಟಗಾರನಿಗೆ ಇನ್ನೂ ಕೇಳುವ ಅವಕಾಶ ಇದೆ ಅಂದರೆ ಅದು ತೀರಿಲ್ಲ ಅಂತ ಅರ್ಥ. ಹಾಗಾಗಿ ಮೈದಾನದ ಅಂಪೈರ್ ಮೊದಲು ಹೇಳುವುದು ತೀರ್ಪೇ ಅಲ್ಲ. ಕೊನೆಗೆ ಉಳಿಯುವುದು ಮಾತ್ರ ತೀರ್ಪು. ಈ ಒಂದು ವ್ಯತ್ಯಾಸ ಹಿಡಿದುಕೊಂಡರೆ ಉಳಿದ ಪದಗಳೆಲ್ಲ ತಾನಾಗಿ ಬರುತ್ತವೆ.

ವಕೀಲ, ಗಾಂಧಿನಗರ – ಬುಧವಾರ ಮಧ್ಯಾಹ್ನ

ಜಯನಗರದವರೇ, ಹಾಗಾದರೆ ಕೆಳಗಿನ ಕೋರ್ಟು ಕೊಡುವುದು ಯಾವುದೂ ತೀರ್ಪಲ್ಲ. ಎಲ್ಲಕ್ಕೂ ಮೇಲ್ಮನವಿ ಇದೆ. ನಿಮ್ಮ ‘ತೀರು’ ವಾದ ಇಲ್ಲಿಗೇ ಬಿತ್ತು.

ಟೀಚರ್, ಯಾರಾದರೂ ‘ಮೇಲ್ಮನವಿ’ ಅಂತ ಸಲಹೆ ಕೊಟ್ಟೇ ಕೊಡುತ್ತಾರೆ, ಅದಕ್ಕೆ ಮೊದಲೇ ಬರೆಯುತ್ತಿದ್ದೇನೆ. ಬಳಸಬೇಡಿ. ಕಾರಣ ಎರಡು.

ಬೌಲರ್ ಕೈ ಎತ್ತಿ ಕೂಗುವುದಕ್ಕೇ ಕನ್ನಡದಲ್ಲಿ ಮನವಿ ಅನ್ನುತ್ತೇವೆ. ಅದು ಕ್ರಿಕೆಟ್ ನಿಯಮದ ಮೂಲ ಕಲ್ಲು. ಯಾರೂ ಮನವಿ ಮಾಡದಿದ್ದರೆ ಅಂಪೈರ್ ಔಟ್ ಕೊಡುವ ಹಾಗಿಲ್ಲ. 31ನೇ ನಿಯಮ ಪೂರ್ತಿ ಅದರದ್ದೇ. ಕೊಟ್ಟ ಮೇಲೂ ನಾಯಕ ಮನವಿ ವಾಪಸ್ ತೆಗೆದುಕೊಳ್ಳಬಹುದು. 1980ರಲ್ಲಿ ಮುಂಬೈಯ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ ನಮ್ಮ ಜಿ.ಆರ್. ವಿಶ್ವನಾಥ್ ಅದನ್ನೇ ಮಾಡಿದರು. ಅಂಪೈರ್ ಔಟ್ ಕೊಟ್ಟಿದ್ದ ಬಾಬ್ ಟೇಲರ್ ಅವರನ್ನು ವಾಪಸ್ ಕರೆದರು. ಟೇಲರ್ ಮತ್ತು ಬೋಥಮ್ 171 ರನ್ ಜೊತೆಯಾಟ ಆಡಿದರು. ಭಾರತ ಸೋತಿತು. ಆದರೂ ವಿಶಿ ಮಾಡಿದ್ದು ಸರಿ ಅಂತಲೇ ನಾನು ಇವತ್ತಿಗೂ ಹೇಳುತ್ತೇನೆ. ಮನವಿ, ಮೇಲ್ಮನವಿ ಎರಡೂ ಒಂದೇ ಬೋರ್ಡಿಗೆ ಬಂದರೆ ಮಕ್ಕಳು ಗೊಂದಲ ಮಾಡಿಕೊಳ್ಳುತ್ತಾರೆ.

ಎರಡನೆಯದು ಇನ್ನೂ ಮುಖ್ಯ. ಮೇಲ್ಮನವಿ ಮೇಲಿನ ಕೋರ್ಟಿಗೆ ಹೋಗುತ್ತದೆ. ರಿವ್ಯೂ ಹಾಗಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 114ನೇ ಕಲಂ ಪ್ರಕಾರ ಕೊಟ್ಟ ಕೋರ್ಟೇ ಮತ್ತೆ ನೋಡುವುದು ರಿವ್ಯೂ. ಕಾವೇರಿ ವಿಷಯದಲ್ಲಿ ‘ಮರುಪರಿಶೀಲನಾ ಅರ್ಜಿ’ ಅಂತ ಎಷ್ಟು ಸಲ ಓದಿಲ್ಲ? ಕ್ರಿಕೆಟ್ಟಿನಲ್ಲಿ ನೋಡುವವರು ಮೂರನೇ ಅಂಪೈರ್, ಆದರೆ ಬದಲಿಸುವವರು ಮೈದಾನದ ಅಂಪೈರ್. ಎರಡೂ ಕೈ ಎದೆಯ ಮೇಲೆ ಅಡ್ಡ ಇಟ್ಟು, ಭುಜ ಮುಟ್ಟಿ, ‘ನನ್ನ ಹಿಂದಿನ ಸಂಜ್ಞೆ ರದ್ದು’ ಅಂತ ಅವರೇ ತೋರಿಸುತ್ತಾರೆ. ಕೊಟ್ಟವರೇ ತಿದ್ದಿಕೊಳ್ಳುವುದು. ಅದು ಮರುಪರಿಶೀಲನೆಯೇ. ಪದ ಸಿದ್ಧ ಇದೆ, ಬಳಸಿ.

ಜಯನಗರ – ಬುಧವಾರ ಮಧ್ಯಾಹ್ನ

ಅರಿಸಮಾಸದ ಪ್ರಶ್ನೆಗೆ ಉತ್ತರ ಬರಲಿಲ್ಲ.

ನಿವೃತ್ತ ಕನ್ನಡ ಮೇಷ್ಟ್ರು, ವಿಜಯನಗರ – ಬುಧವಾರ ಸಂಜೆ

ಉತ್ತರ ನಾನು ಕೊಡುತ್ತೇನೆ. ‘ಮರು’ ಇಲ್ಲಿ ವಿಶೇಷಣದಂತೆ ನಿಂತಿದೆ. ಗಮಕ ಸಮಾಸ ಅಂತ ಇಟ್ಟುಕೊಳ್ಳಿ. ಗಮಕಕ್ಕೆ, ಕ್ರಿಯಾಸಮಾಸಕ್ಕೆ ಅರಿದೋಷ ಇಲ್ಲ. ಹೈಸ್ಕೂಲಿನಲ್ಲಿ ಹೇಳಿಕೊಟ್ಟದ್ದೇ. ಮರುಜನ್ಮ, ಮರುಪ್ರಶ್ನೆ, ಮರುಪಾವತಿ ಇವನ್ನೆಲ್ಲ ಎಲ್ಲಿಗೆ ಕಳಿಸುತ್ತೀರಿ?

ಟೀಚರ್ ಮಕ್ಕಳಿಗೆ ಇನ್ನೂ ಹತ್ತಿರದ ಪದ ಇದೆ. ಮರುಮೌಲ್ಯಮಾಪನ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಬೆಂಗಳೂರಿನ ಅರ್ಧ ಮನೆಗಳಲ್ಲಿ ಈ ಪದ ಕೇಳಿಸುತ್ತದೆ. ಎಂಟನೇ ತರಗತಿಯವರಿಗೆ ಅಣ್ಣ ಅಕ್ಕಂದಿರ ಬಾಯಲ್ಲಿ ಕೇಳಿ ಗೊತ್ತಿರುತ್ತದೆ. ‘ನನ್ನ ಪೇಪರು ಇನ್ನೊಂದು ಸಲ ನೋಡಿ’ ಅಂತ ಕೇಳುವುದು. ರಿವ್ಯೂ ಅಂದರೂ ಅದೇ ಅಲ್ವಾ?

ನಿವೃತ್ತ ಕಂದಾಯ ನೌಕರ, ಕೆಂಗೇರಿ – ಬುಧವಾರ ರಾತ್ರಿ

ನಿಮ್ಮೆಲ್ಲರಿಗಿಂತ ಹಳೆಯ ಪದ ಒಂದು ಇದೆ. ತಾಲ್ಲೂಕು ಕಚೇರಿಯಲ್ಲಿ ಜೀವನಪೂರ್ತಿ ಅದನ್ನೇ ಬರೆದೆ. ‘ತಕರಾರು’.

ಖಾತೆ ಬದಲಾವಣೆಯ ನೋಟಿಸು ನೋಡಿ. ‘ಯಾರದಾದರೂ ತಕರಾರು ಇದ್ದಲ್ಲಿ ಇಂತಿಷ್ಟು ದಿನದೊಳಗೆ ಸಲ್ಲಿಸತಕ್ಕದ್ದು.’ ಸಲ್ಲಿಸದಿದ್ದರೆ ಹಕ್ಕು ಹೋಯಿತು. ಕ್ರಿಕೆಟ್ಟಿನಲ್ಲಿ ಹದಿನೈದು ಸೆಕೆಂಡು, ನಮ್ಮಲ್ಲಿ ದಿನಗಳ ಲೆಕ್ಕ. ಉಳಿದದ್ದು ಒಂದೇ.

ಪದದ ಹುಟ್ಟು ಕೇಳಿದರೆ ಇನ್ನೂ ಖುಷಿಯಾಗುತ್ತದೆ. ಅರಬ್ಬಿಯಲ್ಲಿ ತಕ್ರಾರ್ ಅಂದರೆ ಮತ್ತೆ ಮಾಡುವುದು, ಪುನರಾವರ್ತನೆ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿದರೆ ಜಗಳ ಆಗುತ್ತದಲ್ಲ, ಹಾಗೆ ಅರ್ಥ ತಿರುಗಿ ನಮ್ಮ ಕಡೆಗೆ ಬಂತು. ಜಯನಗರದವರ ‘ಮರು’, ವಕೀಲರ ‘ಮತ್ತೆ’, ಎರಡೂ ಆ ಒಂದು ಪದದೊಳಗೆ ಇವೆ. ‘ರಾಹುಲ್ ತಕರಾರು ಎತ್ತಿದರು.’ ‘ಭಾರತಕ್ಕೆ ಎರಡು ತಕರಾರು ಉಳಿದಿವೆ.’ ಓದಿ ನೋಡಿ.

ಜಯನಗರ – ಬುಧವಾರ ರಾತ್ರಿ

ಸಂಸ್ಕೃತ ಬೇಡ ಅಂದರೆ ಅರಬ್ಬಿ ತಂದಿರಿ. ಇದು ಕನ್ನಡಕ್ಕೆ ಮಾಡುವ ಉಪಕಾರ ಅಲ್ಲ.

ಕೆಂಗೇರಿ – ಬುಧವಾರ ರಾತ್ರಿ

ಸ್ವಾಮಿ, ನೀವು ಕೂತಿರುವ ಕುರ್ಚಿ ಅರಬ್ಬಿ. ನಿಮ್ಮ ಮನೆಯ ಚಾವಿ ಪೋರ್ಚುಗೀಸು. ವಕೀಲರೂ ಅರಬ್ಬಿ, ಅವರು ಹಾಕುವ ಅರ್ಜಿಯೂ ಅರಬ್ಬಿ. ಕನ್ನಡದ ರೈತನೊಬ್ಬ ‘ನಂದು ತಕರಾರು ಐತೆ’ ಅಂತ ನನ್ನ ಮೇಜಿನ ಮುಂದೆ ನಿಂತಾಗ ಅವನು ಯಾವ ಭಾಷೆ ಮಾತಾಡುತ್ತಿದ್ದ? ಅವನಿಗೆ ‘ಮರುನೋಟ’ ಅಂದಿದ್ದರೆ ಯಾವ ಪದ ಅಂತ ಕೇಳುತ್ತಿದ್ದ.

ಮಲ್ಲೇಶ್ವರ – ಬುಧವಾರ ರಾತ್ರಿ

ಕುರ್ಚಿ ಒಪ್ಪಿದವರು ರಿವ್ಯೂ ಯಾಕೆ ಒಪ್ಪಬಾರದು? ನಾಲ್ಕುನೂರು ವರ್ಷ ಹಳೆಯ ಸಾಲ ಆದರೆ ಸರಿ, ಹದಿನೈದು ವರ್ಷದ್ದು ಆದರೆ ತಪ್ಪಾ?

ಜಯನಗರ – ಬುಧವಾರ ರಾತ್ರಿ

ಹೌದು. ಕುರ್ಚಿ ಬಂದಾಗ ನಮ್ಮಲ್ಲಿ ಆ ವಸ್ತುವೇ ಇರಲಿಲ್ಲ. ಮತ್ತೆ ನೋಡುವುದು ನಮ್ಮಲ್ಲಿ ಇರಲಿಲ್ಲವಾ? ವಸ್ತುವಿನ ಜೊತೆ ಹೆಸರು ಬಂದರೆ ಒಪ್ಪುತ್ತೇನೆ. ಮಾಡುವ ಕೆಲಸಕ್ಕೂ ಹೆಸರು ಸಾಲ ತಂದರೆ ಭಾಷೆಯ ಕೈಕಾಲು ಹೋಗುತ್ತದೆ. ವಿಕೆಟ್ ಇರಲಿ. ನೋಡು, ಕೇಳು, ತಿದ್ದು ಇವನ್ನು ಬಿಟ್ಟುಕೊಡಲು ನಾನು ತಯಾರಿಲ್ಲ.

ಕ್ರೀಡಾ ಪುಟದಲ್ಲಿದ್ದವರು, ಚಾಮರಾಜಪೇಟೆ – ಗುರುವಾರ ಬೆಳಿಗ್ಗೆ

ರಾತ್ರಿಯೆಲ್ಲ ಅರಬ್ಬಿ ಓಡಿದೆ. ಟೀಚರ್‌ಗೆ ಸಂಜೆ ಆರಕ್ಕೆ ಫೈಲ್ ಕೊಡಬೇಕು ಅನ್ನುವುದು ಯಾರಿಗೂ ನೆನಪಿಲ್ಲ.

ಮೊದಲು ತಕರಾರು. ಪದ ಸೊಗಸಾಗಿದೆ. ಆದರೆ ಕ್ರಿಕೆಟ್ಟಿನಲ್ಲಿ ತಕರಾರು ಅಂದರೆ ಬೇರೆ. ಔಟ್ ಕೊಟ್ಟ ಮೇಲೆ ಬ್ಯಾಟ್ ತೋರಿಸಿ ನಿಂತುಕೊಂಡರೆ, ತಲೆ ಆಡಿಸುತ್ತಾ ಹೊರಟರೆ, ಅದು ತಕರಾರು. ಅದಕ್ಕೆ ದಂಡ ಬೀಳುತ್ತದೆ. ಅಂಪೈರ್ ಜೊತೆ ತಕರಾರು ಮಾಡದೆ, ಗೌರವವಾಗಿ ‘ಇನ್ನೊಂದು ಸಲ ನೋಡಿ’ ಅನ್ನಲಿ ಅಂತಲೇ ರಿವ್ಯೂ ತಂದದ್ದು. ಒಂದೇ ಪದ ಎರಡಕ್ಕೂ ಹಾಕಿದರೆ ನಿಯಮದ ಅರ್ಥವೇ ತಲೆಕೆಳಗಾಗುತ್ತದೆ.

ಇನ್ನು ಪೇಪರಿನವರ ಮೇಲೆ ಎಲ್ಲರೂ ಕೈ ಮಾಡುತ್ತೀರಿ. ನಾವು ಯಾವ ಗಡಿಬಿಡಿಯಲ್ಲಿ ಪದ ಕಟ್ಟುತ್ತಿದ್ದೆವು ಕೇಳಿ. 2008ರ ಜುಲೈಯಲ್ಲಿ ಶ್ರೀಲಂಕಾದಲ್ಲಿ ಮೊದಲ ಸಲ ರಿವ್ಯೂ ಪ್ರಯೋಗ ಮಾಡಿದರು. ಭಾರತದ ನಾಯಕ ಅನಿಲ್ ಕುಂಬ್ಳೆ. ಮೂರು ಟೆಸ್ಟಿನಲ್ಲಿ ಭಾರತ ಕೇಳಿದ್ದರಲ್ಲಿ ಒಂದೇ ಒಂದು ನಮ್ಮ ಪರ ಬಂತು. ಸರಣಿಯೂ ಹೋಯಿತು. ರಾತ್ರಿ ಪುಟ ಹೋಗುವ ಹೊತ್ತು. ಓದುಗರಿಗೆ ಇದು ಏನು ಅಂತಲೇ ಗೊತ್ತಿಲ್ಲ. ಒಬ್ಬರು ‘ಪರಾಮರ್ಶೆ’ ಬರೆದರು, ಒಬ್ಬರು ‘ಮರುಪರಿಶೀಲನೆ’, ಒಬ್ಬರು ‘ಮೇಲ್ಮನವಿ’. ಮರುವರ್ಷ ನವೆಂಬರ್‌ನಲ್ಲಿ ಡ್ಯುನೆಡಿನ್‌ನಲ್ಲಿ ನ್ಯೂಜಿಲೆಂಡ್, ಪಾಕಿಸ್ತಾನ ಟೆಸ್ಟಿನಿಂದ ಅಧಿಕೃತವಾಗಿ ಶುರುವಾಯಿತು. ಭಾರತ ಮಾತ್ರ ಚೆಂಡಿನ ಜಾಡು ತೋರಿಸುವ ಯಂತ್ರವನ್ನು 2016ರ ರಾಜ್‌ಕೋಟ್ ಟೆಸ್ಟಿನವರೆಗೆ ಒಪ್ಪಲಿಲ್ಲ. ಅಷ್ಟು ವರ್ಷ ಪದ ಗಟ್ಟಿಯಾಗಲು ಅವಕಾಶವೇ ಸಿಗಲಿಲ್ಲ. ಒಪ್ಪುವ ಹೊತ್ತಿಗೆ ಟಿವಿಯವರ ‘ಡಿಆರ್‌ಎಸ್’ (ಡಿಸಿಷನ್ ರಿವ್ಯೂ ಸಿಸ್ಟಮ್) ಮನೆಮನೆಗೆ ಹೋಗಿತ್ತು. ಆ ರಾಜ್‌ಕೋಟ್ ಹೊತ್ತಿಗೆ ತಂಡದ ಕೋಚ್ ಯಾರು? ಅದೇ ಕುಂಬ್ಳೆ. ಮೊದಲ ಏಟು ತಿಂದವರೂ ಅವರೇ, ಒಳಗೆ ಕರೆದುಕೊಂಡಾಗ ಇದ್ದವರೂ ಅವರೇ. ಟೀಚರ್, ಇದು ನಿಮ್ಮ ಬೋರ್ಡಿನಲ್ಲಿ ಇರಲಿ. ಬೆಂಗಳೂರಿನ ಮಕ್ಕಳು ಎಂ.ಜಿ. ರಸ್ತೆ ಹತ್ತಿರ ಕುಂಬ್ಳೆ ಸರ್ಕಲ್ ದಾಟುವಾಗ ನೆನಪಾಗಲಿ.

ಸದ್ದಿನ ಬೋರ್ಡಿಗೂ ಒಂದು ಉದಾಹರಣೆ ಕೊಡುತ್ತೇನೆ. 2011, ಎಜ್‌ಬಾಸ್ಟನ್. ರಾಹುಲ್ ದ್ರಾವಿಡ್ ಆಡುತ್ತಿದ್ದರು. ಆಂಡರ್ಸನ್ ಎಸೆತ ಕೀಪರ್ ಕೈ ಸೇರಿತು. ಸದ್ದು ಬಂತು. ಅಂಪೈರ್ ಔಟ್ ಕೊಟ್ಟರು. ದ್ರಾವಿಡ್ ಅವರಿಗೂ ಬ್ಯಾಟಿನ ಅಂಚು ಸವರಿತು ಅಂತಲೇ ಅನ್ನಿಸಿತು. ರಿವ್ಯೂ ಕೇಳದೆ ಹೊರಟರು. ಆಮೇಲೆ ನೋಡಿದರೆ ಚೆಂಡು ಬ್ಯಾಟಿಗೆ ತಾಗಿಯೇ ಇಲ್ಲ. ಬ್ಯಾಟಿಗೆ ಬಡಿದದ್ದು ಅವರ ಬೂಟಿನ ಲೇಸಿನ ತುದಿ! ಮೂರು ಶತಕ ಹೊಡೆದ ಸರಣಿ ಅದು, ಅಂಥವರಿಗೇ ತಮ್ಮ ಕಿವಿ ಮೋಸ ಮಾಡಿತು. ಗೂಟದ ಬಳಿ ಮೈಕ್ ಇಟ್ಟು ಸದ್ದಿನ ಗೆರೆಯನ್ನು ಚಿತ್ರದ ಜೊತೆ ಕೂಡಿಸಿ ನೋಡುವುದು ಯಾಕೆ ಅಂತ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಇಲ್ಲ. ಸದ್ದು ಇದೆ ಅಂದರೆ ಸಾಲದು, ಯಾವುದರ ಸದ್ದು ಅಂತ ಗೊತ್ತಾಗಬೇಕು.

ಇಲ್ಲಿ ಹೊಸ ಪದ ಬೇಡ. ‘ಅಂಚು ಸವರಿತು’ ಅನ್ನುವುದು ಕನ್ನಡ ವೀಕ್ಷಕ ವಿವರಣೆಯವರ ಬಾಯಲ್ಲಿ ಪಳಗಿದ ಮಾತು. ‘ಸವರು’ ಅಂದರೆ ಎಷ್ಟು ಮೆಲ್ಲಗೆ ಅಂತಲೂ ಗೊತ್ತಾಗುತ್ತದೆ.

ಮತ್ತೆ, ‘ಪ್ರದರ್ಶನ’ ತೆಗೆದುಬಿಡಿ. ನಾನೇ ಸಾವಿರ ಸಲ ‘ಉತ್ತಮ ಪ್ರದರ್ಶನ ನೀಡಿದರು’ ಅಂತ ಬರೆದಿದ್ದೇನೆ. ಇಂಗ್ಲಿಷ್ ವಾಕ್ಯ ಕಣ್ಣೆದುರು ಇದ್ದದ್ದರಿಂದ ಹಾಗೆ ಬಂತು. ಯಾವ ಕನ್ನಡಿಗ ಮನೆಯಲ್ಲಿ ಹಾಗೆ ಹೇಳುತ್ತಾನೆ? ‘ಚೆನ್ನಾಗಿ ಆಡಿದ’ ಅನ್ನುತ್ತಾನೆ. ತಲೆಬರಹ ‘ಯಾರು ಹೇಗೆ ಆಡಿದರು’ ಅಂತ ಹಾಕಿ. ಸಾಕು.

ಮಲ್ಲೇಶ್ವರ – ಗುರುವಾರ ಬೆಳಿಗ್ಗೆ

ಪ್ರದರ್ಶನದ ವಿಷಯ ಒಪ್ಪಿದೆ. ಅಂಪೈರ್ಸ್ ಕಾಲ್‌ಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ವಿಜಯನಗರ – ಗುರುವಾರ ಬೆಳಿಗ್ಗೆ

‘ಅಂಪೈರ್’ ಪದದ್ದೇ ಒಂದು ಕಥೆ ಇದೆ, ಅದು ಇಲ್ಲಿ ಬೇಕಾಗುತ್ತದೆ. ಹಳೆಯ ಫ್ರೆಂಚಿನಲ್ಲಿ ‘ನಾನ್‌ಪೇರ್’ ಅಂದರೆ ಜೋಡಿಯಲ್ಲದವನು. ಸರಿ, ಬೆಸ ಅನ್ನುತ್ತೇವಲ್ಲ, ಆ ಬೆಸ. ಇಬ್ಬರು ಒಪ್ಪದಿದ್ದಾಗ ಕೂರುವ ಮೂರನೆಯವನು. ಇಂಗ್ಲಿಷಿಗೆ ಬಂದಾಗ ಮೊದಲ ನಕಾರ ಹಿಂದಿನ ಪದಕ್ಕೆ ಅಂಟಿಕೊಂಡು ‘ಅಂಪೈರ್’ ಉಳಿಯಿತು. ನಮ್ಮ ನಾರಂಗ ಪಶ್ಚಿಮಕ್ಕೆ ಹೋಗಿ ನಕಾರ ಕಳೆದುಕೊಂಡು ಆರೆಂಜ್ ಆಯಿತಲ್ಲ, ಹಾಗೆ. ಅಂದರೆ ಪದದಲ್ಲೇ ‘ಮಧ್ಯಸ್ಥ’ ಇದ್ದಾನೆ. ಆದ್ದರಿಂದ ‘ಮಧ್ಯಸ್ಥ ವಿವೇಚನೆ’ ಅನ್ನಬಹುದು.

ವಿಜ್ಞಾನ ಟೀಚರ್, ಬಸವನಗುಡಿ – ಗುರುವಾರ ಮಧ್ಯಾಹ್ನ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಿಶಿ, ಕುಂಬ್ಳೆ, ದ್ರಾವಿಡ್ ಮೂವರ ಕಥೆಯನ್ನೂ ಮಕ್ಕಳಿಗೆ ಓದಿ ಹೇಳಿದೆ. ಲೇಸಿನ ಕಥೆಗೆ ಒಬ್ಬ ಹುಡುಗ ತನ್ನ ಬೂಟು ತಂದು ಬ್ಯಾಟಿಗೆ ಬಡಿದು ಸದ್ದು ಮಾಡಿ ತೋರಿಸಿದ.

ಮೇಷ್ಟ್ರೇ, ‘ಮಧ್ಯಸ್ಥ ವಿವೇಚನೆ’ ಓದಿದೆ. ಮಕ್ಕಳು ಸುಮ್ನೆ ಕೂತಿದ್ದರು. ಯಾರಿಗೂ ಏನೂ ಅನ್ನಿಸಲಿಲ್ಲ.

ತೊಡಕು ಎಲ್ಲಿದೆ ಅಂತ ಇನ್ನೊಂದು ಸಲ ಹೇಳುತ್ತೇನೆ. ಎಲ್‌ಬಿಡಬ್ಲ್ಯು (ಗೂಟಕ್ಕೆ ಹೋಗುವ ಚೆಂಡು ಕಾಲಿಗೆ ತಾಗಿ ಔಟಾಗುವುದು) ನೋಡುವಾಗ ಪರದೆಯ ಮೇಲೆ ಮೂರು ಸಾಲು ಬರುತ್ತದೆ. ಚೆಂಡು ಎಲ್ಲಿ ಬಿತ್ತು, ಕಾಲಿಗೆ ಎಲ್ಲಿ ತಾಗಿತು, ಗೂಟಕ್ಕೆ ತಾಗುತ್ತಿತ್ತಾ. ಮೂರನೆಯದಕ್ಕೆ ಮೂರು ಉತ್ತರ. ತಾಗುತ್ತದೆ, ತಾಗುವುದಿಲ್ಲ, ಅಂಪೈರ್ಸ್ ಕಾಲ್. ಚೆಂಡಿನ ಅರ್ಧಕ್ಕಿಂತ ಕಡಿಮೆ ಭಾಗ ಗೂಟವನ್ನು ಸವರುತ್ತದೆ ಅಂತ ಲೆಕ್ಕ ಬಂದರೆ ಅಂಪೈರ್ಸ್ ಕಾಲ್. ಆಗ ಮೊದಲು ಏನು ಕೊಟ್ಟಿದ್ದರೋ ಅದೇ ಉಳಿಯುತ್ತದೆ. ಕೇಳಿದವರ ರಿವ್ಯೂ ಕಳೆದುಹೋಗುವುದೂ ಇಲ್ಲ.

ಮಕ್ಕಳ ಪ್ರಶ್ನೆ ಇದು. ಪರದೆಯಲ್ಲಿ ತಾಗುತ್ತಿರುವುದು ಕಾಣುತ್ತದೆ. ಹಾಗಿದ್ದೂ ನಾಟೌಟ್ ಅನ್ನುವುದು ಹೇಗೆ? ನಾನು 2017ರ ಚಿನ್ನಸ್ವಾಮಿ ಟೆಸ್ಟಿನ ಸ್ಟೀವ್ ಸ್ಮಿತ್ ಔಟ್ ತೋರಿಸಿ ವಿವರಿಸಿದೆ. ಉಮೇಶ್ ಯಾದವ್ ಎಸೆತ ನೆಲ ಹಿಡಿದು ಬಂತು, ಕಾಲಿಗೆ ತಾಗಿತು. ಆಮೇಲೆ ಗೂಟದವರೆಗೆ ಅದು ಹೋಗಲೇ ಇಲ್ಲ. ಕಾಲಿನ ಆಚೆ ನಾವು ನೋಡುವುದು ನಡೆದದ್ದಲ್ಲ, ಲೆಕ್ಕ. ಲೆಕ್ಕದಲ್ಲಿ ಒಂದು ಚೂರು ಆಚೆ ಈಚೆ ಇರಬಹುದು. ಆ ಚೂರಿನ ಲಾಭ ಅಂಪೈರ್ ಕಣ್ಣಿಗೆ. ಮಕ್ಕಳಿಗೆ ಇದು ಅರ್ಥವಾಯಿತು. ಇದನ್ನೇ ಹೇಳುವ ಒಂದು ಪದ ಬೇಕು. ಇನ್ನು ನಾಲ್ಕು ಗಂಟೆ ಇದೆ.

ರಾಜಾಜಿನಗರ (ಊರು ಪುತ್ತೂರು) – ಗುರುವಾರ ಮಧ್ಯಾಹ್ನ

ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ಟೀಚರ್ ಅವರ ಮಾತು ಓದಿದ ಮೇಲೆ ಬರೆಯಲೇಬೇಕು ಅನ್ನಿಸಿತು.

ನೀವು ಹೆಸರುಪದ ಹುಡುಕುತ್ತಾ ಇದ್ದೀರಿ. ನಿಮಗೆ ಬೇಕಾದದ್ದು ಕ್ರಿಯಾಪದದಲ್ಲಿ ಇದೆ. ಸಂಭಾವನಾರ್ಥಕ, ಅಂದರೆ ಹೀಗೆ ಆದೀತು ಅಂತ ಊಹೆ ಹೇಳುವ ರೂಪ.

ತಾಗುತ್ತದೆ.
ತಾಗೀತು.
ತಾಗದು.

ಮೊದಲನೆಯದು ಔಟ್. ಕೊನೆಯದು ನಾಟೌಟ್. ನಡುವಿನದು ನಿಮ್ಮ ಅಂಪೈರ್ಸ್ ಕಾಲ್. ತಾಗಿದೆ ಅಂತಲೂ ಅಲ್ಲ, ತಾಗುವುದಿಲ್ಲ ಅಂತಲೂ ಅಲ್ಲ. ಇಂಗ್ಲಿಷಿನವರಿಗೆ ಇದನ್ನು ಒಂದೇ ಕ್ರಿಯಾಪದದಲ್ಲಿ ಹೇಳಲು ಬರಲ್ಲ, ಅದಕ್ಕೆ ಅಂಪೈರ್ ಹೆಸರು ಹಿಡಿದುಕೊಂಡರು. ನಮಗೆ ಆ ಕಷ್ಟ ಇಲ್ಲ.

ವಕೀಲ, ಗಾಂಧಿನಗರ – ಗುರುವಾರ ಮಧ್ಯಾಹ್ನ

ಚೆನ್ನಾಗಿದೆ. ಆದರೆ ‘ತಾಗೀತು’ ಅಂದರೆ ಲೆಕ್ಕದ ಫಲ ಮಾತ್ರ ಗೊತ್ತಾಯಿತು. ಆಮೇಲೆ ಏನು ಅನ್ನುವುದು ಪದದಲ್ಲಿ ಇಲ್ಲ. ಔಟೋ ನಾಟೌಟೋ?

ರಾಜಾಜಿನಗರ – ಗುರುವಾರ ಮಧ್ಯಾಹ್ನ

ಅದಕ್ಕೆ ಎರಡನೇ ವಾಕ್ಯ ಹಾಕಿ. ‘ಅಂಪೈರ್ ಮಾತು ನಡೆಯುತ್ತದೆ.’ ಮನೆಯಲ್ಲಿ ಇಬ್ಬರು ಎರಡು ಹೇಳಿದಾಗ ‘ಕೊನೆಗೆ ಅಜ್ಜಿ ಮಾತೇ ನಡೆಯಿತು’ ಅನ್ನುತ್ತೇವಲ್ಲ, ಅದೇ ‘ನಡೆ’. ‘ಕಾಲ್’ಗೆ ಕನ್ನಡದಲ್ಲಿ ‘ಮಾತು’. ‘ಕರೆ’ ಅಲ್ಲ.

ಮಲ್ಲೇಶ್ವರ – ಗುರುವಾರ ಮಧ್ಯಾಹ್ನ

‘ತಾಗೀತು’ ಬೆಂಗಳೂರಿನ ಮಕ್ಕಳಿಗೆ ಬರಲ್ಲ. ಇಲ್ಲಿ ಎಲ್ಲರೂ ‘ತಾಗಬಹುದು’ ಅಂತಾರೆ. ಈ ರೂಪ ನಿಮ್ಮ ಕಡೆ ಇದೆ, ನಮ್ಮ ಕಡೆ ಸತ್ತಿದೆ.

ವಿಜಯನಗರ – ಗುರುವಾರ ಮಧ್ಯಾಹ್ನ

ಸತ್ತಿಲ್ಲ. ಮೆಟ್ಟಿಲ ಮೇಲೆ ಓಡುವ ಮಗುವಿಗೆ ಮಲ್ಲೇಶ್ವರದ ಅಮ್ಮಂದಿರು ಏನು ಹೇಳುತ್ತಾರೆ? ‘ಬಿದ್ದೀಯ, ಹುಷಾರು!’ ಅಂತ. ‘ಬೀಳಬಹುದು’ ಅಂತ ಯಾವ ತಾಯಿಯೂ ಕೂಗುವುದಿಲ್ಲ. ‘ಮಳೆ ಬಂದೀತು, ಛತ್ರಿ ತಗೋ.’ ‘ಹೆಚ್ಚೆಂದರೆ ನೂರು ರೂಪಾಯಿ ಆದೀತು.’ ದಿನಾ ಹೇಳುತ್ತೀರಿ, ಗಮನಿಸಿಲ್ಲ ಅಷ್ಟೇ.

ಅಲ್ಲದೆ ‘ಬಹುದು’ ಇಲ್ಲಿ ತಪ್ಪು ಕೂಡ. ‘ತಾಗಬಹುದು’ ಅಂದರೆ ಅನುಮತಿಯೂ ಆದೀತು. ‘ಒಳಗೆ ಬರಬಹುದು’ ಅನ್ನುವ ಹಾಗೆ. ‘ತಾಗೀತು’ಗೆ ಆ ಗೊಂದಲ ಇಲ್ಲ. ಪುತ್ತೂರಿನ ತಾಯಿಗೆ ನಮಸ್ಕಾರ. ನನ್ನ ‘ಮಧ್ಯಸ್ಥ ವಿವೇಚನೆ’ ವಾಪಸ್ ತೆಗೆದುಕೊಂಡಿದ್ದೇನೆ.

ಚಾಮರಾಜಪೇಟೆ – ಗುರುವಾರ ಮಧ್ಯಾಹ್ನ

ಒಂದು ಎಚ್ಚರಿಕೆ. ‘ತಾಗೀತು’ ಒಂದನ್ನೇ ಹಾಕಿದರೆ ಪರದೆಯಲ್ಲಿ ಇಂಗ್ಲಿಷಿನಲ್ಲಿ ನೋಡಿದ ಮಕ್ಕಳು ಹೊಂದಿಸಿಕೊಳ್ಳುವುದು ಹೇಗೆ? ಕೆಳಗೆ ಚಿಕ್ಕದಾಗಿ ‘ಟಿವಿಯಲ್ಲಿ: ಅಂಪೈರ್ಸ್ ಕಾಲ್’ ಅಂತಲೂ ಇರಲಿ. ಮಲ್ಲೇಶ್ವರದವರ ಮಾತಿಗೂ ಒಂದು ಜಾಗ ಆಗುತ್ತದೆ. ಕಾಲಿಗೆ ತಾಗಿದ ಜಾಗಕ್ಕೂ ಅಂಪೈರ್ಸ್ ಕಾಲ್ ಇದೆ. ಅದನ್ನು ಈ ಬೋರ್ಡಿಗೆ ತರಬೇಡಿ, ಭಾರವಾಗುತ್ತದೆ. ಕೇಳಿದವರಿಗೆ ಮಕ್ಕಳೇ ಬಾಯಲ್ಲಿ ಹೇಳಲಿ.

ವಿಜ್ಞಾನ ಟೀಚರ್, ಬಸವನಗುಡಿ – ಗುರುವಾರ ಸಂಜೆ

ಫೈಲ್ ಕಳಿಸಿದೆ. ಆರಕ್ಕೆ ಹತ್ತು ನಿಮಿಷ ಇತ್ತು. ಬರೆದದ್ದು ಹೀಗೆ:

‘ಇನ್ನೊಂದು ಸಲ ನೋಡಿ!
ಅಂಪೈರ್ ಹೇಳಿದ್ದು ಸರಿ ಅನ್ನಿಸದಿದ್ದರೆ ಆಟಗಾರ ಹದಿನೈದು ಸೆಕೆಂಡಿನೊಳಗೆ ಮರುಪರಿಶೀಲನೆ ಕೇಳಬಹುದು. ಮೂರನೇ ಅಂಪೈರ್ ಚಿತ್ರ, ಸದ್ದು, ಚೆಂಡಿನ ಜಾಡು ಮೂರನ್ನೂ ನೋಡುತ್ತಾರೆ. ತಪ್ಪಾಗಿದ್ದರೆ ಮೈದಾನದ ಅಂಪೈರ್ ತಾವೇ ತಿದ್ದುತ್ತಾರೆ. ಟೆಸ್ಟಿನ ಒಂದು ಇನಿಂಗ್ಸಿನಲ್ಲಿ ಮೂರು ಸಲ ಕೇಳಿ ಸೋತರೆ ಮತ್ತೆ ಕೇಳುವ ಹಾಗಿಲ್ಲ.’

‘ಚೆಂಡು ಗೂಟಕ್ಕೆ ತಾಗುತ್ತಿತ್ತಾ?
ತಾಗುತ್ತದೆ – ಔಟ್.
ತಾಗೀತು – ಅಂಪೈರ್ ಮಾತು ನಡೆಯುತ್ತದೆ. (ಟಿವಿಯಲ್ಲಿ: ಅಂಪೈರ್ಸ್ ಕಾಲ್)
ತಾಗದು – ನಾಟೌಟ್.’

‘ಯಾರು ಹೇಗೆ ಆಡಿದರು: ಬೆಂಗಳೂರು, ಮಾರ್ಚ್ 2017
ನೇಥನ್ ಲಯನ್ 50 ರನ್ನಿಗೆ 8 ವಿಕೆಟ್ ಕಿತ್ತು ಭಾರತವನ್ನು 189ಕ್ಕೆ ಕಟ್ಟಿಹಾಕಿದರು. ನಮ್ಮ ಕೆ.ಎಲ್. ರಾಹುಲ್ ಮಾತ್ರ ನಿಂತು 90 ಹೊಡೆದರು. ಎರಡನೇ ಸಲ 51. ಪೂಜಾರ 92. ಕೊನೆಗೆ ಆಸ್ಟ್ರೇಲಿಯಾಕ್ಕೆ 188 ಬೇಕಿತ್ತು. ಅಶ್ವಿನ್ 41ಕ್ಕೆ 6 ಉರುಳಿಸಿದರು. 112ಕ್ಕೆ ಆಲೌಟ್. ಭಾರತಕ್ಕೆ 75 ರನ್ ಗೆಲುವು.’

ಸ್ಮಿತ್ ರಿವ್ಯೂ ಕೇಳಲೋ ಬೇಡವೋ ಅಂತ ಡ್ರೆಸ್ಸಿಂಗ್ ರೂಮಿನ ಕಡೆ ನೋಡಿದ್ದು, ಅಂಪೈರ್ ನೈಜೆಲ್ ಲಾಂಗ್ ತಡೆದದ್ದು, ಅದನ್ನೂ ಸೇರಿಸಿದ್ದೇನೆ. ಮಕ್ಕಳು ಅದಕ್ಕೆ ‘ಹೊರಗಿನವರನ್ನು ಕೇಳುವ ಹಾಗಿಲ್ಲ’ ಅಂತ ತಾವೇ ತಲೆಬರಹ ಕೊಟ್ಟರು. ಪರೀಕ್ಷಾ ಹಾಲಿನ ನಿಯಮ ಅವರಿಗೆ ಚೆನ್ನಾಗಿ ಗೊತ್ತು.

ಜಯನಗರದವರೇ, ‘ಮರುನೋಟ’ ಹಾಕಲಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಮಕ್ಕಳಿಗೆ ಎರಡೂ ಓದಿ ಹೇಳಿದೆ. ‘ಮರುಪರಿಶೀಲನೆ’ ಅವರಿಗೆ ಮೊದಲೇ ಗೊತ್ತಿತ್ತು. ಆದರೆ ತಲೆಬರಹದಲ್ಲಿ ‘ನೋಡಿ’ ಇದೆ. ನೋಡು, ಕೇಳು, ತಿದ್ದು ಮೂರನ್ನೂ ಬಿಟ್ಟುಕೊಟ್ಟಿಲ್ಲ.

ಜಯನಗರ – ಗುರುವಾರ ರಾತ್ರಿ

ನೋಡಿದೆ. ‘ತಾಗೀತು’ ಇರುವ ಬೋರ್ಡಿಗೆ ಉಳಿದದ್ದನ್ನೆಲ್ಲ ಬಿಟ್ಟೇನು. ಶನಿವಾರ ಎಷ್ಟು ಗಂಟೆಗೆ ತೆರೆಯುತ್ತೀರಿ? ಮೊಮ್ಮಗನನ್ನು ಕರೆದುಕೊಂಡು ಬರುತ್ತೇನೆ.